ಹನ್ನೊಂದು ನಿಮಿಷ ದೊಡ್ಡವಳು

ಗೇಟಕ್ಕ ತನ್ನ ತಂಗಿಗಿಂತ ಹನ್ನೊಂದು ನಿಮಿಷ ದೊಡ್ಡವಳು. ಅವಳಿ ಮಕ್ಕಳಲ್ಲಿ ಮೊದಲು ಹುಟ್ಟಿದವಳು ತಾನು ಎಂಬ ಒಂದೇ ಬಂಡವಾಳದಲ್ಲಿ ಅವಳು ನಲವತ್ತೆಂಟು ವರ್ಷ ದೊಡ್ಡಸ್ತಿಕೆ ನಡೆಸಿಕೊಂಡು ಬಂದಿದ್ದಳು. ಚಿಕ್ಕಂದಿನಲ್ಲಿ ಕಿಟಕಿ ಪಕ್ಕದ ಜಾಗ ಅವಳದು, ಒಡೆದ ಸ್ಲೇಟು ತಂಗಿಯದು. ತಂಗಿ ಮುಖ ಊದಿಸಿಕೊಂಡರೆ, "ನಾನು ಮೊದಲು ಬಂದು ನೋಡಿ, ಲೋಕ ಪರವಾಗಿಲ್ಲ, ಬಾ ಅಂತ ಕರೆದ ಮೇಲೇ ಕಣೇ ನೀನು ಬಂದಿದ್ದು" ಎನ್ನುತ್ತಿದ್ದಳು.

ಮುಂದೆ ತಂಗಿ ಓಡುವ ಕೆಲಸ ಹಿಡಿದಳು, ಅಕ್ಕನಿಗೆ ನಿಲ್ಲುವ ಕೆಲಸ ಸಿಕ್ಕಿತು. ತಂಗಿ ರೈಲಿನ ಇಂಜಿನ್ ಡ್ರೈವರ್ ಆಗಿ ಇಪ್ಪತ್ತೆರಡು ವರ್ಷ. ಅಕ್ಕ, ಗಂಡ ತೀರಿಕೊಂಡ ಮೇಲೆ ಅವನ ಜಾಗಕ್ಕೆ ಬಂದು, ರೈಲ್ವೆ ಗೇಟು ಕಾಯತೊಡಗಿ ಹದಿನಾರು ವರ್ಷ. ಸ್ಟೇಷನ್ನಿನಿಂದ ಫೋನ್ ಬಂದ ಕೂಡಲೇ ಹಿಡಿಕೆ ತಿರುಗಿಸಿ ಎರಡೂ ಕಂಬ ಇಳಿಸಬೇಕು, ಬೀಗ ಹಾಕಬೇಕು, ಕೋಣೆಯ ಮುಂದಿನ ಚಪ್ಪಡಿಯ ಮೇಲೆ ಹಸಿರು ಬಾವುಟ ಹಿಡಿದು ನಿಲ್ಲಬೇಕು. ಡ್ರೈವರಿಗೆ ಆ ಬಾವುಟ ಕಾಣದಿದ್ದರೆ ರೈಲು ನಿಲ್ಲಿಸಲೇಬೇಕು. ಆ ಮಾರ್ಗದ ಕಟ್ಟಳೆ ಅದು.

ಬೆಳಗ್ಗೆ ಒಂಬತ್ತು ನಲವತ್ತಕ್ಕೆ ತಂಗಿಯ ರೈಲು. ದೂರದ ತಿರುವಿನಲ್ಲಿ ಹಾರ್ನ್, ಆಮೇಲೆ ಮೂರು ಸೆಕೆಂಡಿನ ಮುಖದರ್ಶನ. ಆ ಮೂರು ಸೆಕೆಂಡಿನಲ್ಲೇ ಅವರ ಸಂಸಾರದ ಮಾತುಕತೆಯೆಲ್ಲ ಮುಗಿಯುತ್ತಿತ್ತು. ಅಕ್ಕ ಹಣೆ ಮುಟ್ಟಿಕೊಂಡು ಕೈ ಆಡಿಸಿದರೆ ಅಮ್ಮನಿಗೆ ಜ್ವರ ಬಿಟ್ಟಿದೆ. ತಂಗಿ ಹೊಟ್ಟೆ ತಟ್ಟಿ ತೋರಿಸಿದರೆ ಭಾನುವಾರ ಊಟಕ್ಕೆ ಬರುತ್ತಾಳೆ.

ಈಗ ಹದಿನಾಲ್ಕು ತಿಂಗಳಿಂದ ಬಾವುಟವಿತ್ತು, ಹಾರ್ನ್ ಇತ್ತು, ಸನ್ನೆ ಮಾತ್ರ ಇರಲಿಲ್ಲ.

ಅಮ್ಮನಿಗೆ ಉಸಿರು ಕಟ್ಟಿಕೊಂಡ ದಿನ ತಂಗಿ ಮುನ್ನೂರು ಕಿಲೋಮೀಟರ್ ದೂರದಿಂದ ಇತ್ತ ಕಡೆಗೇ ರೈಲು ತರುತ್ತಿದ್ದಳು. ಸುದ್ದಿ ತಿಳಿದ ಮೇಲೂ ಆ ಮಾರ್ಗಕ್ಕೆ ಗೊತ್ತುಮಾಡಿದ ಎಂಬತ್ತರ ವೇಗವನ್ನು ಒಂದು ಕೂದಲೆಳೆಯಷ್ಟೂ ಮೀರಲಿಲ್ಲ. ಅವಳು ಮನೆ ಮುಟ್ಟುವಾಗ ಅಮ್ಮ ಹೋಗಿ ನಲವತ್ತು ನಿಮಿಷವಾಗಿತ್ತು.

"ಇನ್ನೂ ಸ್ವಲ್ಪ ಜೋರಾಗಿ ಓಡಿಸಕ್ಕೆ ಏನಾಗಿತ್ತೇ ನಿನಗೆ?" ಎಂದು ಅಕ್ಕ ಬಂದವರೆಲ್ಲರ ಎದುರಿಗೆ ಕೇಳಿಬಿಟ್ಟಳು.

"ಹಿಂದೆ ಒಂಬೈನೂರು ಜನ ಕೂತಿದ್ರು ಅಕ್ಕ."

"ದೊಡ್ಡವಳು ಹೇಳ್ತಿದೀನಿ ಕೇಳು. ನಿನಗೆ ಹೆತ್ತವಳಿಗಿಂತ ಇಂಜಿನ್ನೇ ಹೆಚ್ಚು."

"ಹನ್ನೊಂದು ನಿಮಿಷದ ದೊಡ್ಡಸ್ತಿಕೆ ಇವತ್ತಿಗೆ ಸಾಕು" ಎಂದು ತಂಗಿ ಚಪ್ಪಲಿ ಮೆಟ್ಟಿಕೊಂಡು ಹೋದವಳು ಮತ್ತೆ ಆ ಹೊಸಿಲು ತುಳಿಯಲಿಲ್ಲ.

ಹೀಗಿರುವಾಗ ಗೇಟಿನ ಪಕ್ಕದಲ್ಲೇ ಮೇಲ್ಸೇತುವೆ ಎದ್ದಿತು. ತಿಂಗಳ ಕೊನೆಗೆ ಗೇಟು ಮುಚ್ಚುತ್ತದೆ, ಗೇಟಕ್ಕನಿಗೆ ಇನ್ನು ಜಂಕ್ಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಕೆಲಸ ಎಂದು ಕಾಗದ ಬಂತು. ಹೋಗಿ ನೋಡಿ ಬಂದಳು. ಪಾರ್ಸೆಲ್ ಆಫೀಸಿನ ಕಿಟಕಿ ಹಿಂದಿನ ಅಂಗಳಕ್ಕೆ ತೆರೆಯುತ್ತಿತ್ತು. ಅಲ್ಲಿಂದ ಒಂದು ಇಂಜಿನ್ನೂ ಕಾಣುವುದಿಲ್ಲ. ಕಟ್ಟಳೆಗಾಗಿಯಾದರೂ ತಂಗಿ ದಿನಾ ತನ್ನ ಮುಖ ನೋಡುತ್ತಿದ್ದಳು, ಗೇಟು ಹೋದರೆ ಅದೂ ಹೋಯಿತು ಎಂದು ಅವಳಿಗೆ ಆಗ ಹೊಳೆಯಿತು. ಉಳಿದದ್ದು ಹನ್ನೆರಡು ದಿನ.

"ಚಿಕ್ಕಮ್ಮನಿಗೆ ಫೋನ್ ಮಾಡಮ್ಮ" ಎಂದಳು ಮಗಳು. ಕಾಲೇಜಿಗೆ ಸೇರಿದ ಮೊದಲ ವರ್ಷ. ಗೇಟಕ್ಕ ಅವಳನ್ನು ಕರೆಯುವುದೇ ಪಂಡಿತೆ ಎಂದು.

"ಅವಳು ಎತ್ತದೆ ಇದ್ರೆ ನನ್ನ ಮುಖ ಎಲ್ಲಿಟ್ಕೊಳ್ಳಲಿ?"

ಅದೇ ಸಂಜೆ ಮನೆಯಲ್ಲಿ ಇಬ್ಬರೂ ಬಟಾಣಿ ಬಿಡಿಸುತ್ತ ಕೂತಿದ್ದಾಗ ಪಂಡಿತೆ ಆ ದಿನದ ಪಾಠ ತೆಗೆದಳು.

"ಅಮ್ಮಾ, ಓಡೋರ ಗಡಿಯಾರ ನಿಂತೋರ ಗಡಿಯಾರಕ್ಕಿಂತ ನಿಧಾನಕ್ಕೆ ನಡೆಯುತ್ತಂತೆ."

"ಅದಕ್ಕೇ ಅನ್ನು, ರೈಲು ಒಂದು ದಿನಾನೂ ಹೊತ್ತಿಗೆ ಸರಿಯಾಗಿ ಬರಲ್ಲ."

"ತಮಾಷೆ ಅಲ್ಲಮ್ಮ, ನಿಜ. ಪುಸ್ತಕದಲ್ಲಿ ಅವಳಿಗಳನ್ನೇ ಹೇಳಿದಾರೆ. ಒಬ್ಬರು ಮನೇಲಿ, ಇನ್ನೊಬ್ಬರು ರಾಕೆಟ್ಟಲ್ಲಿ. ತಿರುಗಿ ಬಂದಾಗ ಓಡಿದೋರು ಚಿಕ್ಕವರಾಗಿರ್ತಾರೆ. ನಾನು ಚಿಕ್ಕಮ್ಮನ ಲೆಕ್ಕಾನೂ ಹಾಕಿದೆ. ಒಂದು ಸೆಕೆಂಡನ್ನ ಮೂವತ್ತು ಲಕ್ಷ ಚೂರು ಮಾಡಿದ್ರೆ ಒಂದು ಚೂರು. ಇಪ್ಪತ್ತೆರಡು ವರ್ಷ ಓಡಿಸಿ ಚಿಕ್ಕಮ್ಮ ಉಳಿಸಿದ್ದು ಅಷ್ಟೇ."

ಗೇಟಕ್ಕನ ಬೆರಳು ಸಿಪ್ಪೆಯ ಮೇಲೆ ನಿಧಾನವಾಯಿತು. "ಹಾಗಾದ್ರೆ ನಾನು ರಾಕೆಟ್ ಹತ್ತಿದ್ರೆ? ನನ್ನ ಹನ್ನೊಂದು ನಿಮಿಷ ಕರಗುತ್ತಾ?"

"ಕರಗುತ್ತೆ. ಈಗ ಗಗನನೌಕೇಲಿ ಭೂಮಿ ಸುತ್ತ ಸುತ್ತೋರ ವೇಗದಲ್ಲಿ ಓಡಿದ್ರೆ ಅರವತ್ತು ಸಾವಿರ ವರ್ಷದ ಮೇಲೆ ಹಿಡಿಯುತ್ತೆ."

"ಥೂ! ಇನ್ನೂ ಸ್ವಲ್ಪ ಜೋರಾಗಿ ಓಡಿಸಕ್ಕೆ ಏನಂತೆ ಅವರಿಗೆ?"

ಮಾತು ಬಾಯಿ ಬಿಟ್ಟ ಮೇಲೆ ಅವಳಿಗೇ ಕೇಳಿಸಿತು. ಹದಿನಾಲ್ಕು ತಿಂಗಳ ಹಿಂದೆ ಇದೇ ಕೋಣೆಯಲ್ಲಿ, ಇದೇ ದನಿಯಲ್ಲಿ ಆಡಿದ ಮಾತು. ಮಗಳಿಗೆ ಅದು ಗೊತ್ತಾಗಲಿಲ್ಲ. ಅವಳು ತನ್ನ ಉತ್ಸಾಹದಲ್ಲಿದ್ದಳು.

"ಎಲ್ಲಿ ಓಡಿಸ್ತೀಯಮ್ಮ? ಬೆಳಕಿನ ವೇಗದ ಹತ್ತರಲ್ಲೊಂದು ಪಾಲು ಮುಟ್ಟಬೇಕು ಅಂದ್ರೆ, ಒಳಗಿರೋರ ಮೈ ನುಜ್ಜಾಗದ ಹಾಗೆ ಹೋದ್ರೆ, ಮೂವತ್ತೈದು ದಿನ ಬೇಕು. ನಿಲ್ಲಿಸೋಕೆ ಇನ್ನೊಂದು ಮೂವತ್ತೈದು ದಿನ. ಆ ವೇಗದಲ್ಲಿ ಸಾಸಿವೆಕಾಳಿನಷ್ಟು ಕಲ್ಲು ಎದುರಿಗೆ ಬಡಿದ್ರೆ ನಾಲ್ಕೈದು ರೈಲು ಒಟ್ಟಿಗೆ ಗುದ್ದಿದ ಹಾಗೆ. ಇಂಧನ ಹೊರೋಕೆ ಇಂಧನ, ಅದನ್ನ ಹೊರೋಕೆ ಇನ್ನಷ್ಟು ಇಂಧನ. ಏನೇ ಮಾಡಿದ್ರೂ ಬೆಳಕನ್ನ ಹಿಂದೆ ಹಾಕೋಕೆ ಆಗಲ್ಲ. ಅದು ಗೆರೆ."

"ಎಂಥಾ ಇಂಜಿನ್ ಇಟ್ರೂ?"

"ಎಂಥಾದು ಇಟ್ರೂ. ಬೆಳಕಿಗೇ ನಕ್ಷತ್ರದಿಂದ ಇಲ್ಲಿಗೆ ಬರೋಕೆ ವರ್ಷಗಟ್ಟಲೆ ಹಿಡಿಯುತ್ತೆ."

ಗೇಟಕ್ಕ ಬಟಾಣಿಯನ್ನು ಸಿಪ್ಪೆಯ ರಾಶಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತಿದ್ದಳು. 'ಓಡಿಸೋದು ಯಾರಿಗಾದ್ರೂ ಬರುತ್ತೆ, ನಿಲ್ಲಿಸೋದು ಕಲೀಬೇಕು' ಎನ್ನುತ್ತಿದ್ದಳು ತಂಗಿ. ಎಲ್ಲ ಓಟಕ್ಕೂ ಒಂದು ಗೆರೆಯಿದೆ. ಬೆನ್ನ ಹಿಂದೆ ಒಂಬೈನೂರು ಜನ, ಕಣ್ಣ ಮುಂದೆ ಸಾಯುತ್ತಿರುವ ಅಮ್ಮ. ಆದರೂ ಆ ಗೆರೆಯ ಮೇಲೆ ಸರಿಯಾಗಿ ನಾಲ್ಕು ಗಂಟೆ ಓಡಿಸಿಕೊಂಡು ಬಂದವಳ ಹತ್ತಿರ ತಾನು ಯಾರಲ್ಲೂ ಇಲ್ಲದ ವೇಗ ಕೇಳಿದ್ದಳು.

"ಏ ಪಂಡಿತೆ, ಶೆಡ್ಡಲ್ಲಿ ಹಳೇ ತಗಡಿನ ಬೋರ್ಡ್ ಇದೆಯಲ್ಲ, ತಗೊಂಡು ಬಾ" ಎಂದಳು.

ಬೋರ್ಡಿಗೆ ಸುಣ್ಣ ಬಳಿದು ಕರಿ ಬಣ್ಣದಲ್ಲಿ ಬರೆದರು: 'ನನ್ನಿಂದ ತಪ್ಪಾಯಿತು. ಭಾನುವಾರ ಮನೆಗೆ ಬಾ.' ಮಗಳು ಸೈಕಲ್ ಹತ್ತಿ ಜೋರಾಗಿ ತುಳಿದು ಹೋಗಿ ನೋಡಿದಳು. ಒಂದಕ್ಷರವೂ ಓದಲಾಗಲಿಲ್ಲ. ಮತ್ತೆ ಸುಣ್ಣ ಬಳಿದು 'ಮನೆಗೆ ಬಾ' ಎಂದು ಬರೆದರು. ಅದೂ ಸಣ್ಣದಾಯಿತು. ಕೊನೆಗೆ ಬೋರ್ಡ್ ತುಂಬ ಒಂದೇ ಅಕ್ಷರ ಉಳಿಯಿತು: ಬಾ.

ಮರುದಿನ ಬೆಳಗ್ಗೆ ಕಂಬ ಇಳಿಸಿ ಬೀಗ ಹಾಕಿದಳು. ಗೇಟಿನಲ್ಲಿ ಸೈಕಲ್ ನಿಲ್ಲಿಸಿಕೊಂಡಿದ್ದ ಬ್ರೆಡ್ ಮಾರುವವನು ಬೋರ್ಡ್ ನೋಡಿ, "ಯಾರನ್ನ ಕರೀತಿದೀಯಾ ಗೇಟಕ್ಕ? ನಾನಾದ್ರೆ ಬಂದೇ ಇದ್ದೀನಿ" ಎಂದ.

"ನಿನ್ನನ್ನ ಕರೆಯೋದಾದ್ರೆ 'ಹೋಗು' ಅಂತ ಬರೀತಿದ್ದೆ, ಸುಮ್ನಿರು."

ತಿರುವಿನಲ್ಲಿ ಹಾರ್ನ್ ಕೇಳಿತು. ಗಾಳಿಗೆ ತಗಡು ತಿರುಗತೊಡಗಿದಾಗ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿಯಬೇಕಾಯಿತು. ಹಿಡಿಯುವ ಮೊದಲು, ಹದಿನಾರು ವರ್ಷದಲ್ಲಿ ಎಂದೂ ಮಾಡದ ಕೆಲಸ ಮಾಡಿದಳು. ಹಸಿರು ಬಾವುಟವನ್ನು ಸುತ್ತಿ ಕಂಕುಳಲ್ಲಿ ಇರುಕಿಕೊಂಡಳು.

ಹಳಿಗಳು ಕಿರುಚಿದವು. ಅವಳಿಗೆ ತಪ್ಪು ತಿಳಿಯುವ ಹೊತ್ತಿಗೆ ಇಂಜಿನ್ ಮುಂದೆ ಹೋಗಿಯಾಗಿತ್ತು, ಬೋಗಿಗಳು ಒಂದೊಂದಾಗಿ ನಿಧಾನವಾಗುತ್ತ ಕೊನೆಯದು ಸರಿಯಾಗಿ ಗೇಟಿನ ಮೇಲೆ ನಿಂತಿತು. ಹನ್ನೆರಡು ಬೋಗಿಯ ಕಿಟಕಿಗಳಿಂದಲೂ ತಲೆಗಳು ಹೊರಬಂದವು. ಗೇಟಕ್ಕ ಜಲ್ಲಿಕಲ್ಲಿನ ಮೇಲೆ ಬೋರ್ಡ್ ಹಿಡಿದುಕೊಂಡೇ ಅಷ್ಟುದ್ದ ಓಡಿದಳು.

ಇಂಜಿನ್ನಿನ ಬಾಗಿಲಲ್ಲಿ ತಂಗಿ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. "ಹಳಿ ಸರಿಯಾಗಿದೆಯಾ? ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಏನೂ ಆಗಿಲ್ಲ. ಹಳಿ ಸರಿಯಾಗಿದೆ. ಬಾವುಟ... ಬಾವುಟ ಹಿಡಿಯೋದು ಮರೆತೆ ಕಣೇ."

ತಂಗಿ ಬೋರ್ಡ್ ನೋಡಿದಳು. "ಬಾ ಅಂತ ಕರೆಯೋಕೆ ರೈಲೇ ನಿಲ್ಲಿಸಬೇಕಿತ್ತೇನೇ?"

"ಆವತ್ತು ಇನ್ನೂ ಜೋರಾಗಿ ಓಡಿಸಬೇಕಿತ್ತು ಅಂದೆನಲ್ಲ, ಅದು ನನ್ನ ತಪ್ಪು. ಅಷ್ಟು ವೇಗ ಯಾರ ಹತ್ರಾನೂ ಇಲ್ಲ. ಬೆಳಕಿಗೂ ಇಲ್ಲವಂತೆ. ನೀನು ಬರೋಕೆ ಆಗೋಷ್ಟು ಬೇಗ ಬಂದೆ."

ತಂಗಿ ಬಾಗಿಲ ಕಂಬಿ ಹಿಡಿದು ಮುಖ ಆಚೆ ತಿರುಗಿಸಿಕೊಂಡಳು. ಆಮೇಲೆ ಒಡೆದ ದನಿಯಲ್ಲೇ ಕೇಳಿದಳು: "ಬೆಳಕಿನ ವಿಚಾರ ನಿನಗ್ಯಾರು ಹೇಳಿದ್ದು?"

"ಮಗಳು. ಓಡಿ ಓಡಿ ನೀನು ನನಗಿಂತ ಇನ್ನೂ ಒಂದು ಚೂರು ಚಿಕ್ಕವಳಾಗಿದೀಯಂತೆ."

"ಅಯ್ಯೋ! ನಿನ್ನ ದೊಡ್ಡಸ್ತಿಕೆ ಇನ್ನೂ ಜಾಸ್ತಿ ಆಯ್ತಾ ಹಾಗಾದ್ರೆ?"

ಒಳಗಿನಿಂದ ಮೀಸೆಯ ಸಹಾಯಕ ಡ್ರೈವರ್ ತಲೆ ಹಾಕಿದ. "ಮೇಡಂ, ಒಂಬತ್ತು ನಿಮಿಷ ತಡ. ಕಾರಣ ಏನಂತ ಬರೀಲಿ?"

"ಬಾವುಟ ಕಾಣಲಿಲ್ಲ ಅಂತ ಬರಿ. ಇದ್ದದ್ದು ಇದ್ದ ಹಾಗೆ" ಎಂದಳು ತಂಗಿ. ಅಕ್ಕನ ಕಡೆ ತಿರುಗಿ, "ಒಂಬತ್ತು ನಿಮಿಷ ನನ್ನದು ತಿಂದೆ. ನಿನಗೆ ನೋಟಿಸ್ ಬರುತ್ತೆ, ನಾನು ತಪ್ಪಿಸಲ್ಲ" ಎಂದು, ಹೊಟ್ಟೆ ತಟ್ಟಿ ತೋರಿಸಿದಳು. ಅಂದರೆ ಭಾನುವಾರ.

ನೋಟಿಸ್ ಬಂತು. ಗೇಟಕ್ಕ ತಪ್ಪೊಪ್ಪಿ ಸಹಿ ಹಾಕಿದಳು. ಮಗಳು ಅದರ ನಕಲನ್ನು ತನ್ನ ಪಾಠದ ಪುಸ್ತಕದಲ್ಲಿ, ಆ ಅವಳಿಗಳಿದ್ದ ಹಾಳೆಯ ನಡುವೆ ಇಟ್ಟುಕೊಂಡಳು.

ಮುಂದಿನ ತಿಂಗಳ ಮೊದಲ ದಿನ ಗೇಟಕ್ಕ ಜಂಕ್ಷನ್ನಿನ ಹೊಸ ಕೆಲಸಕ್ಕೆ ಹೋಗಲು, ಗೇಟಿಗಿಂತ ಹಿಂದಿನ ಸ್ಟೇಷನ್ನಿಗೆ ನಡೆದುಹೋಗಿ ತಂಗಿಯ ರೈಲು ಹತ್ತಿದಳು. ಹದಿನಾರು ವರ್ಷ ನಿಂತವಳು ಇನ್ನು ದಿನಾ ಓಡುವವಳು. ಹೋಗಿ ಬಂದರೆ ಸೆಕೆಂಡಿನ ಎಷ್ಟು ಪಾಲು ಉಳಿಯುತ್ತದೆಂದು ಮಗಳು ಲೆಕ್ಕ ಹಾಕಿಕೊಟ್ಟಿದ್ದಳು; ಅದರಲ್ಲಿ ಬರೀ ಸೊನ್ನೆಗಳೇ ಇದ್ದವು. ಚೀಟಿ ಅವಳ ಪರ್ಸಿನಲ್ಲಿತ್ತು.

ಒಂಬತ್ತು ನಲವತ್ತಕ್ಕೆ ಕಿಟಕಿಯಲ್ಲಿ ತನ್ನದೇ ಗೇಟು ಬಂತು. ಕಂಬಗಳಿರಲಿಲ್ಲ, ಕೋಣೆಗೆ ಬೀಗ. ಚಪ್ಪಡಿ ಮಾತ್ರ ಇತ್ತು. ಹಾರ್ನ್ ಹಾಕಿ ಎಂಬ ಫಲಕವನ್ನು ಹಿಂದಿನ ದಿನವೇ ಕಿತ್ತುಹಾಕಿದ್ದರು, ಇನ್ನು ಅಲ್ಲಿ ಹಾಕುವ ಅಗತ್ಯವಿರಲಿಲ್ಲ.

ಹಾರ್ನ್ ಕೇಳಿಸಿತು. ಉದ್ದಕ್ಕೆ, ಒಂದೇ ಸಲ.

ಗೇಟಕ್ಕ ಕಿಟಕಿಯಿಂದ ಕೈ ಹೊರಗೆ ಹಾಕಿ, ಬಾವುಟವಿಲ್ಲದ ಕೈಯನ್ನೇ ಎತ್ತಿ ಹಿಡಿದಳು.