ಹಿತ್ತಲಿನ ಅಡವಿ ಉಳ್ಳಾಗಡ್ಡಿ

ಮದುವೆಯಾಗಿ ಸೇಡಮ್ಮಿನ ಮನೆಗೆ ಬಂದಾಗ ನನಗೆ ಮಡಿಯಡಿಗೆ ಕಲಿಸಿದವಳು ನನ್ನ ಗಂಡನ ಅಕ್ಕ. ಅವಳನ್ನು ಚಿಂಚೋಳಿ ಗುಡ್ಡದ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ತವರಿಗೆ ಕಳಿಸಿಬಿಟ್ಟರು. ಬರುವಾಗ ಅವಳು ಸೆರಗಿನಲ್ಲಿ ಕಟ್ಟಿ ತಂದದ್ದು ಅಲ್ಲಿನ ಅಡವಿ ಉಳ್ಳಾಗಡ್ಡಿಯ, ನೋಡಲು ಥೇಟ್ ಈರುಳ್ಳಿಯಂತಿದ್ದ ಕೆಲವು ಗಡ್ಡೆಗಳನ್ನು.

ಹಿತ್ತಲ ಗೋಡೆಯ ಬುಡದಲ್ಲಿ ಅವನ್ನು ನೆಟ್ಟಿದ್ದಳು. ಬೇಸಿಗೆಯಲ್ಲಿ ಸುತ್ತಲಿನ ಹುಲ್ಲೆಲ್ಲ ಒಣಗಿದ ಮೇಲೆ, ಒಂದೆಲೆಯೂ ಇಲ್ಲದೆ ಉದ್ದನೆಯ ದಂಟು ಏಳುತ್ತಿತ್ತು. ಅದರ ತುಂಬ ಮಾಸಲು ಬಣ್ಣದ ಸಣ್ಣ ಹೂಗಳು ತಲೆ ತಗ್ಗಿಸಿ ಅರಳುತ್ತಿದ್ದವು. ದೇವರಿಗೆ ಏರಿಸುವ ಹೂವಲ್ಲ. ಹಾಗಾಗಿ ಮನೆಯಲ್ಲಿ ಯಾರೂ ಅದರ ಗೊಡವೆಗೆ ಹೋಗಿರಲಿಲ್ಲ.

ಅಕ್ಕನ ಅಂಗಾಲಿನಲ್ಲಿ ಆಣಿಗಳಿದ್ದವು. ಚಪ್ಪಲಿ ಹಾಕುವಂತಿಲ್ಲ, ಕಾದ ಹಾಸುಗಲ್ಲಿನ ಮೇಲೆ ಬಾವಿಯಿಂದ ಮಡಿ ನೀರು ತರಬೇಕು. ನೋವು ಹೆಚ್ಚಾದಾಗ ಒಂದು ಗಡ್ಡೆ ಕಿತ್ತು, ಬಚ್ಚಲ ಒಲೆಯ ಬೂದಿಯಲ್ಲಿ ಸುಟ್ಟು, ಜಜ್ಜಿ ಕಾಲಿಗೆ ಕಟ್ಟಿಕೊಳ್ಳುತ್ತಿದ್ದಳು. "ಬಾಯಿಗಿ ಹತ್ತಬಾರದು ನೋಡವಾ, ಇದು ವಿಷ ಅದ" ಎಂದು ನನಗೆ ಹೇಳಿದ್ದಳು.

ನಮ್ಮ ಮಾವನವರು ಊರ ಹನುಮಂತದೇವರ ಗುಡಿಯ ಪೂಜೆ ಮಾಡುತ್ತಿದ್ದರು. ನಮ್ಮದು ಉಳ್ಳಾಗಡ್ಡಿ ಹೊಸ್ತಿಲು ದಾಟದ ಮನೆ. ಒಂದು ಮಧ್ಯಾಹ್ನ ಚಿತ್ತಾಪುರದಿಂದ ಬಂದಿದ್ದ ಹಿರಿಯ ಬೀಗರೊಬ್ಬರು ಕೈ ತೊಳೆಯಲು ಹಿತ್ತಲಿಗೆ ಹೋದರು. ಒಲೆಯ ಪಕ್ಕ ಸುಲಿದ ಗಡ್ಡೆಯೂ ಸಿಪ್ಪೆಯೂ ಬಿದ್ದಿದ್ದವು. ಒಳಗೆ ಬಂದವರು ಎಲೆಯ ಮುಂದೆ ಕೂರಲಿಲ್ಲ. "ನಿಮ್ಮ ಮನ್ಯಾಗ ಉಳ್ಳಾಗಡ್ಡಿ ನಡೀತದಂತ ನನಗ ಗೊತ್ತಿದ್ದಿಲ್ಲ" ಎಂದರು.

ಮಾವನವರ ಮುಖ ಕಪ್ಪಿಟ್ಟಿತು. ಅಕ್ಕನನ್ನು ಕರೆದರು.

"ಅಪ್ಪಾ, ಅದು ತಿನ್ನೂ ಉಳ್ಳಾಗಡ್ಡಿ ಅಲ್ಲರಿ. ಕಾಲಿಗಿ ಕಟ್ಟಲಿಕ್ಕೆ ಸುಡಲಿಕತ್ತಿದ್ದೆ" ಎಂದಳು ಅಕ್ಕ.

"ನನಗ ಕಣ್ಣಿಲ್ಲೇನು? ಮುಂಡೆಯಾದ ಮ್ಯಾಲೂ ನಾಲಿಗಿ ಚಪಲ ಹೋಗಿಲ್ಲ ನಿನಗ. ಇವತ್ತಿನಿಂದ ಒಲಿ ಮುಟ್ಟಬ್ಯಾಡ. ಕೊಟ್ಟಿಗಿಯೊಳಗ ಬಿದ್ದಿರು."

ಅತ್ತೆಯವರು ಬಾಯಿ ತೆರೆದರು. ಮಾವನವರು ಕೈ ಎತ್ತಿ ತಡೆದರು. ನಾನು, "ಖರೇನ ಅದು ಔಷಧದ ಗಡ್ಡಿರಿ" ಎಂದೆ. ಹೊಸ ಸೊಸೆಯ ಮಾತು ಯಾರ ಕಿವಿಗೂ ಬೀಳಲಿಲ್ಲ.

ಅಕ್ಕ ಅಳಲಿಲ್ಲ. ಹಿತ್ತಲಿಗೆ ಹೋಗಿ ಆ ಸುಲಿದ ಗಡ್ಡೆಯನ್ನು ತಂದು ತಂದೆಯ ಎದುರಿಗೆ ನಿಂತಳು.

"ಉಳ್ಳಾಗಡ್ಡಿ ತಿಂದ್ರ ಯಾರೂ ಸಾಯೂದಿಲ್ಲ, ಹೌದಲ್ಲೋ?" ಎಂದು ಕಚ್ಚಿದಳು.

ನಾನು ಓಡಿ ಕೈ ಹಿಡಿಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ನುಂಗಿದ್ದಳು. ತುಟಿ ಕೂಡಲೇ ಕೆಂಪಾಗಿ ಬಾತುಕೊಂಡಿತು. ಸ್ವಲ್ಪ ಹೊತ್ತಿಗೆ ವಾಂತಿ ಶುರುವಾಯಿತು. ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ನಿಲ್ಲಲಿಲ್ಲ. ಬೀಗರು ಯಾವಾಗ ಎದ್ದು ಹೋದರೋ ಗೊತ್ತಿಲ್ಲ. ಕಚೇರಿಯಿಂದ ಓಡಿ ಬಂದ ನನ್ನ ಗಂಡ, ಡಾಕ್ಟರನ್ನು ಕರೆತರಲು ವಾಡಿಯ ರೈಲು ಹತ್ತಿದರು. ಅಷ್ಟರಲ್ಲಿ ಓಣಿಯ ಹಕೀಮರು ಬಂದು ಕೈ ಹಿಡಿದು ಕೂತರು. "ನಾಡಿ ಭಾಳ ಸಾವಕಾಶ ಬಡೀಲಿಕತ್ತದ" ಎಂದು ತಲೆಯಾಡಿಸಿದರು.

ಅಕ್ಕ ಒಮ್ಮೆ ಕಣ್ಣು ತೆರೆದು, ಎಲ್ಲ ಹಳದಿ ಕಾಣುತ್ತದೆ ಎಂದಳು. ಅತ್ತೆಯವರು ಅವಳ ಬೋಳುತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಲೇ ಇದ್ದರು. ಮರುದಿನ ಡಾಕ್ಟರನ್ನು ಕರೆದುಕೊಂಡು ನನ್ನ ಗಂಡ ಬರುವ ಹೊತ್ತಿಗೆ ಅವಳನ್ನು ಅಂಗಳಕ್ಕೆ ತಂದು ಮಲಗಿಸಿಯಾಗಿತ್ತು.

ದಹನ ಮುಗಿಸಿ ಬಂದ ಮಾವನವರು ಗೋಡೆಯ ಬುಡವನ್ನೆಲ್ಲ ತಾವೇ ಅಗೆದು ಗಡ್ಡೆಗಳನ್ನು ಊರ ಹೊರಗೆ ಎಸೆದರು. ಗುಡಿಯ ಪೂಜೆ ಬಿಡಲಿಲ್ಲ. ಆದರೆ ಆ ದಿನದಿಂದ ಅತ್ತೆಯವರು ಅವರ ಎಲೆಗೆ ಬಡಿಸಲಿಲ್ಲ, ಮಾತೂ ಆಡಲಿಲ್ಲ. ಬಡಿಸುವ ಕೆಲಸ ನನಗೆ ಬಂತು.

ಎಷ್ಟೋ ತಿಂಗಳಾದ ಮೇಲೆ, ನಾನು ತೊವ್ವೆ ಬಡಿಸುತ್ತಿದ್ದಾಗ, ತಲೆಯೆತ್ತದೆ ಕೇಳಿದರು: "ಅದು ಖರೇನ ಉಳ್ಳಾಗಡ್ಡಿ ಇರಲಿಲ್ಲೇನವಾ?"

"ಇರಲಿಲ್ಲರಿ."

ಅವರು ಅನ್ನ ಕಲಸಿದರು. ಉಣ್ಣಲಿಲ್ಲ. ಎಲೆ ಬಿಟ್ಟು ಕೈ ತೊಳೆಯಲು ಎದ್ದರು.