ಅನ್ನದಾನಮ್ಮ ನಂಬದ ಫೋಟೋ

ಕಾಶಿಯ ಜಂಗಮವಾಡಿಯಲ್ಲಿ ಅನ್ನದಾನಮ್ಮನವರ ನಂಬಿಕೆ ಗಳಿಸಿದ ಮನುಷ್ಯ ಇನ್ನೂ ಹುಟ್ಟಿಲ್ಲ. ಮಠದ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ರೊಟ್ಟಿ ಬಡಿದ ಈ ಹಾವೇರಿ ಕಡೆಯ ಮುದುಕಿ, ಹರಿಶ್ಚಂದ್ರ ಘಾಟಿಗೆ ಹೊರಟ ಹೆಣ ಕಂಡರೂ "ನಾಡಿ ಸರಿಯಾಗಿ ನೋಡ್ಯಾರೇನು?" ಎಂದು ಕೇಳುವವರು. ಮಠದ ಹುಡುಗರಿಗೆ ಪಾಠ ಹೇಳುವ ನನ್ನ ಹಿಂದಿಯ ಮೇಲೂ ಅವರಿಗೆ ಅನುಮಾನ. ಅದೊಂದು ಅನುಮಾನ ನ್ಯಾಯವಾದದ್ದು.

ತೊಂಬತ್ತೆರಡರ ಚಳಿಗಾಲದಲ್ಲಿ ಅವರ ಮೊಮ್ಮಗಳು, ಮೂರೂವರೆ ವರ್ಷದ ವಚನಾಳಿಗೆ ಮೂರನೇ ಸಲ ನಡುಕದ ಜ್ವರ ಬಂತು. ಆಸ್ಪತ್ರೆಯಲ್ಲಿ ಮೂತ್ರದ ಸೋಂಕು ಎಂದರು. ಜ್ವರ ಇಳಿದ ಮೇಲೆ ಒಂದು ಪರೀಕ್ಷೆ ಬರೆದುಕೊಟ್ಟರು. ತಾಯಿ ಭವಾನಿ ಹಸಿಬಾಣಂತಿ. ಹೀಗಾಗಿ ಆಸ್ಪತ್ರೆಗೆ ಹೊರಟ ರಿಕ್ಷಾದಲ್ಲಿ ಅಜ್ಜಿ, ಮೊಮ್ಮಗಳು, ಹಿಂದಿಗಾಗಿ ನಾನು.

ಡಾಕ್ಟರಮ್ಮ ವಿವರಿಸಿದರು. ಉಚ್ಚೆ ಹೊಯ್ಯುವಾಗ ಒಂದಿಷ್ಟು ತಿರುಗಿ ಕಿಡ್ನಿಗೆ ಏರುತ್ತಿರಬಹುದು. ಹಾಗೇ ಬಿಟ್ಟರೆ ಕಿಡ್ನಿ ಕೆಡುತ್ತದೆ. ಸಣ್ಣ ನಳಿಕೆಯಿಂದ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಔಷಧ ತುಂಬಿ, ಮಗು ಹೊಯ್ಯುತ್ತಿರುವಾಗಲೇ ಚಿತ್ರ ತೆಗೆಯಬೇಕು. ನಾನು ಕನ್ನಡಕ್ಕಿಳಿಸಿದೆ.

"ಹೆಣ್ಣುಕೂಸು ಉಚ್ಚಿ ಹೊಯ್ಯೂದು ಫೋಟೋ ತಗೀತಾರಂತ? ಏನ್ ಮಾಡ್ತಾರ ಮಾಸ್ತರ ಅದನ್ನ ಇಟಗೊಂಡು? ಈ ಊರಾಗ ಗಂಗಮ್ಮನೂ ತಿರುಗಿ ಉತ್ತರಕ್ಕ ಹೊಂಟಾಳ. ಆಕೀನ ಯಾರರ ಮೇಜಿನ ಮ್ಯಾಲೆ ಮಲಗಿಸ್ಯಾರೇನು?"

"ಗಂಗಮ್ಮಗ ಜ್ವರ ಬಂದಿಲ್ಲಲ್ರೀ" ಎಂದೆ. ಈ ಉತ್ತರದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ.

ಜ್ವರದ ಹೆದರಿಕೆಯೇ ಗೆದ್ದಿತು. ಅನ್ನದಾನಮ್ಮ ಎಕ್ಸ್‌ರೇ ತಡೆಯುವ ಸೀಸದ ಭಾರದ ಅಂಗಿ ತೊಟ್ಟು ಮಗುವಿನ ತೊಡೆ ಹಿಡಿದು ನಿಂತರು. ನಳಿಕೆ ಹಾಕುವಾಗ ವಚನಾ ಕಿರುಚಿದಳು. ಔಷಧ ತುಂಬಿತು. "ಈಗ ಮಾಡಮ್ಮಾ" ಎಂದರು ಡಾಕ್ಟರಮ್ಮ.

ಮಗು ಕಾಲನ್ನೂ ಬಾಯನ್ನೂ ಬಿಗಿದುಕೊಂಡಿತು. ಬಚ್ಚಲು ಬಿಟ್ಟು ಬೇರೆಡೆ ಹನಿ ಬಿದ್ದರೆ ಬೆನ್ನಿಗೆ ಗುದ್ದು. ಇದು ಅಜ್ಜಿಯೇ ಕಲಿಸಿದ ಪಾಠ. ಎಕ್ಸ್‌ರೇ ತೆಗೆಯುವ ಕೈಲಾಸ ಮೂಲೆಯ ನಲ್ಲಿ ತಿರುಗಿಸಿದ. ನೀರಿನ ಸದ್ದು ಕೆಲಸ ಮಾಡಿತು, ಆದರೆ ನನ್ನ ಮೇಲೆ. ನಾನು ಓಡಿಹೋಗಿ ಹಗುರಾಗಿ ಬಂದರೂ ಅವಳು ಹಾಗೇ ಮಲಗಿದ್ದಳು.

"ಈಗ ಆಗದಿದ್ದರೆ ಇನ್ನೊಂದು ದಿನ ಮತ್ತೆ ನಳಿಕೆ ಹಾಕಬೇಕು" ಎಂದರು ಡಾಕ್ಟರಮ್ಮ.

"ಹೊಯ್ಯವ್ವಾ, ಬೈಯಂಗಿಲ್ಲ" ಎಂದರು ಅಜ್ಜಿ.

"ಝೂಠ್! ಹೊಡೀತಿ."

"ಇಲ್ಲ ನನ ಬಂಗಾರಾ."

"ಎಲ್ಲಾರೂ ಸುಳ್ಳ ಹೇಳ್ತಾರಂತ ನೀನ ಹೇಳೀದಿ!"

ಅನ್ನದಾನಮ್ಮ ಒಂದು ಕೈ ಎದೆಯ ಲಿಂಗದ ಮೇಲಿಟ್ಟು, "ಇದರ ಆಣಿ. ಹೊಡ್ಯಂಗಿಲ್ಲ" ಎಂದರು. ವಚನಾ ಕೈಲಾಸನತ್ತ ಬೆರಳು ತೋರಿದಳು. ಅವನು "ಗಂಗಾ ಮೈಯಾ ಕಿ ಕಸಮ್, ಬಿಟಿಯಾ" ಎಂದ. ಆಮೇಲೆ ನನ್ನತ್ತ. ನಾನೂ ಗಂಗೆಯ ಮೇಲೆ ಆಣೆಯಿಟ್ಟೆ. ನಾನು ಯಾರಿಗೆ ಹೊಡೆಯಬಲ್ಲೆನೋ ಗೊತ್ತಿಲ್ಲ.

ಮೇಜು ಒದ್ದೆಯಾಯಿತು. ಯಂತ್ರ ಖಟಕ್ಕೆಂದಿತು.

ಫಿಲ್ಮಿನಲ್ಲಿ ಎಡಬದಿಗೆ ಬಿಳಿಯ ದಾರವೊಂದು ಕಿಡ್ನಿಯವರೆಗೆ ಏರಿತ್ತು. ಅನುಮಾನ ನಿಜ, ಆದರೆ ದೋಷ ಸಣ್ಣದು, ಎಂದರು ಡಾಕ್ಟರಮ್ಮ. ದಿನಾ ಒಂದಿಷ್ಟು ಔಷಧ, ವರ್ಷದ ಮೇಲೆ ಮತ್ತೆ ಪರೀಕ್ಷೆ; ಎಷ್ಟೋ ಮಕ್ಕಳಲ್ಲಿ ಬೆಳೆಯುತ್ತ ತಾನೇ ಸರಿಹೋಗುತ್ತದೆ.

"ಇದು ನಮ್ಮ ಕೂಸಿಂದ ಅಂತ ಏನ್ ಖಾತ್ರಿ? ಬ್ಯಾರೆ ಯಾರದರ ತೋರಿಸಿದ್ರ?"

ನಾನು ನಾಚಿಕೆಯಿಂದ ಹಿಂದಿ ಹುಡುಕುತ್ತಿರುವಾಗಲೇ ಅಜ್ಜಿ ಫಿಲ್ಮಿಗೆ ಮೂಗು ತಾಗಿಸಿದರು. ಅಂಚಿನಲ್ಲಿ, ಪುಟ್ಟ ತೊಡೆಯ ಪಕ್ಕ, ದೊಡ್ಡವರೊಬ್ಬರ ಬೆರಳ ಎಲುಬುಗಳು. ಕಿರುಬೆರಳು ನಡುವೆ ಮುರಿದು ಹೊರಗೆ ಸೊಟ್ಟಗಾಗಿತ್ತು. ಅನ್ನದಾನಮ್ಮ ತಮ್ಮ ಕೈ ಎತ್ತಿ ಅದರ ಪಕ್ಕ ಹಿಡಿದರು.

"ರುಬ್ಬೂ ಒಳ್ಳಿನ ಗುಂಡ ಬಿದ್ದಿತ್ತ್ರೀ" ಎಂದರು ಮೆಲ್ಲಗೆ. "ನಂದ ಇದು." ಆಮೇಲೆ ಔಷಧದ ಚೀಟಿಗೆ ಕೈ ಚಾಚಿದರು.

ಅಂದಿನಿಂದ ದಿನಾ ಮಲಗುವ ಮುಂಚೆ ವಚನಾಳಿಗೆ ಒಂದು ಚಮಚ. ಮೊದಲ ಹನಿ ಅಜ್ಜಿ ನೆಕ್ಕಿ ತೋರಿಸಬೇಕಿತ್ತು. ಇಲ್ಲದಿದ್ದರೆ ಮಗು ಬಾಯಿ ತೆರೆಯುತ್ತಿರಲಿಲ್ಲ.