ಸರೋಜಮ್ಮನವರ ಹೆಬ್ಬೆರಳು

ಮಕ್ಕಳನ್ನು ಕಂಡರೆ ಎಲ್ಲರೂ ಗಲ್ಲ ಹಿಂಡುತ್ತಾರೆ. ಸರೋಜಮ್ಮ ಕಾಲು ಒತ್ತುತ್ತಿದ್ದರು. ಹೆಬ್ಬೆರಳು ಊರಿ, ತೆಗೆದು, ಆ ಜಾಗವನ್ನೇ ಬಗ್ಗಿ ನೋಡುತ್ತಿದ್ದರು. ಗುಳಿ ಬೀಳದಿದ್ದರೆ ಮಾತ್ರ ನಗು. ಮಸ್ಕಿಯ ದವಾಖಾನೆಗೆ ಗದ್ವಾಲ ಕಡೆಯಿಂದ ಬಂದ ನರ್ಸಮ್ಮ ಅವರು. ಸಂತೆಯಲ್ಲೂ ಪಕ್ಕದವಳ ಕಂಕುಳಲ್ಲಿದ್ದ ಕೂಸಿನ ಕಾಲು ಒತ್ತದೆ ಬಿಡುತ್ತಿರಲಿಲ್ಲ. "ನರ್ಸಮ್ಮ ಬದನಿಕಾಯಿ ಬಿಟ್ಟು ಕೂಸು ಹಿಚುಕಿ ನೋಡ್ತಾಳ" ಎಂದು ಹೆಂಗಸರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನನ್ನ ಹಿರಿಮಗಳು ಗೌರಿಗೆ ಎರಡು ತುಂಬುವ ಹೊತ್ತಿಗೆ ಶಾಂತಾ ಹುಟ್ಟಿದಳು. ಗೌರಿಗೆ ಮೊಲೆ ಬಿಡಿಸಿದೆವು. ಹಾಗೆ ಬಿಡಿಸಿದ ಕೂಸಿಗೆ ನಮ್ಮ ಮನೆಯಲ್ಲಿ ಬೇಳೆ, ಹಾಲು ಕೊಡುತ್ತಿರಲಿಲ್ಲ, ಹೊಟ್ಟೆ ಕೆಡುತ್ತದೆಂದು. ಬರೀ ಅಕ್ಕಿ ಗಂಜಿ. ಜೋಳದ ರೊಟ್ಟಿ ತಿನ್ನುವವರಿಗೆ ಅಕ್ಕಿ ಎಂದರೆ ಮುದ್ದಿನ ಊಟ. ಕೆಲವು ತಿಂಗಳಲ್ಲಿ ಗೌರಿ ಗುಂಡಗಾದಳು. ಕೆನ್ನೆ ಉಬ್ಬಿದವು, ಕೂದಲು ಕೆಂಚಾಯಿತು. ಆಟ ಬಿಟ್ಟು ಕೂತಲ್ಲೇ ಕೂತಿರುತ್ತಿದ್ದಳು. "ಗಂಜಿ ಮೈಗೆ ಹತ್ತೈತಿ" ಎಂದು ಅತ್ತೆ ದೃಷ್ಟಿ ತೆಗೆದರು.

ಸಿಡುಬು ಬರದಂತೆ ಶಾಂತಾಳಿಗೆ ದೇವಿ ಹಾಕಲು ಬಂದ ಸರೋಜಮ್ಮ ಗೌರಿಯ ಕಾಲನ್ನೂ ಒತ್ತಿದರು. ಗುಳಿ ಬಿತ್ತು. ಏಳಲಿಲ್ಲ.

"ಇದು ಮೈ ಅಲ್ರೀ ಯಮ್ಮಾ, ನೀರು."

"ಏನ್ ಮಾತಾಡ್ತಿ ನರ್ಸಮ್ಮಾ? ಹೊಟ್ಟಿ ತುಂಬ ಉಣಸೀವಿ" ಎಂದು ಅತ್ತೆ ಸಿಡುಕಿದರು.

"ಹೊಟ್ಟಿ ತುಂಬೈತ್ರಿ, ಜೀವಕ್ಕ ಸಿಕ್ಕಿಲ್ಲ. ಮೈಯಾಗ ಕಣ್ಣಿಗೆ ಕಾಣಲಾರದಷ್ಟು ಸಣ್ಣ ಸಣ್ಣ ಖೋಲಿ ಅದಾವ. ಒಂದೊಂದಕ್ಕೂ ಜೀವ ಐತಿ. ದಿನಾ ಸವೀತಾವ, ದಿನಾ ಕಟ್ಟಬೇಕು. ಕಟ್ಟೋ ಮಣ್ಣೂ ಪ್ರೋಟೀನು, ಕಟ್ಟೋ ಆಳೂ ಪ್ರೋಟೀನು. ಬ್ಯಾನಿ ಒಳಗ ಬರದಂಗ ಬಾಗಲಾ ಕಾಯೋದೂ ಅದೇ, ನೆತ್ತರದಾಗಿನ ನೀರು ಸೋರದಂಗ ಹಿಡಿಯೋದೂ ಅದೇ. ಅದು ಬ್ಯಾಳ್ಯಾಗ ಐತಿ, ಹಾಲಿನಾಗ ಐತಿ. ಗಂಜಿ ಬರೀ ಕಟಗಿ ಇದ್ದಂಗ್ರಿ. ಒಲಿ ಉರೀತದ, ಗ್ವಾಡಿ ಏಳಂಗಿಲ್ಲ."

ಕಾಣದ ಕೋಣೆಗಳ ಮಾತು ಅತ್ತೆಯ ತಲೆಗೆ ಹೋಗಲಿಲ್ಲ. ಆದರೂ ದವಾಖಾನೆಯ ಹಾಲಿನ ಪುಡಿ ಬಿಟ್ಟಿ ಸಿಗುತ್ತಿತ್ತು, ಒಪ್ಪಿದರು. ಸರೋಜಮ್ಮ ದಿನಾ ಬಂದು ಹಾಲು ಕಲಸಿ ಕುಡಿಸಿದರು, ಬೇಯಿಸಿದ ಹೆಸರುಬೇಳೆ ಹಿಚುಕಿ ತಿನ್ನಿಸಿದರು. ಗೌರಿ ಎದ್ದು ಓಡಾಡಿದಳು. ಒಮ್ಮೆ ನಕ್ಕಳು ಕೂಡ. ಆದರೆ ಮೈಯಲ್ಲಿದ್ದ ನೀರು ಇಳಿಯಿತು ನೋಡಿ, ಒಳಗಿನ ಎಲುಬು ಕಾಣಿಸಿತು. ಕೆನ್ನೆ ಬತ್ತಿತು, ಕಾಲು ಕಡ್ಡಿಯಾದವು.

"ದುಂಡಗಿದ್ದ ಕೂಸನ್ನ ಈಕಿ ಸೊರಗಿಸ್ಯಾಳ" ಎಂದು ಅತ್ತೆ ಕೂಗಾಡಿದರು.

"ಈಗ ಕಾಣೋದೇ ಖರೇ ಮೈ ರೀ. ಇನ್ನ ಕಟ್ಟಬೇಕು. ನಡಬರಕ ಬಿಡಬ್ಯಾಡ್ರಿ" ಎಂದು ಸರೋಜಮ್ಮ ಹೊಸ್ತಿಲಲ್ಲಿ ನಿಂತು ಬೇಡಿಕೊಂಡರು. ಅತ್ತೆ ಬಾಗಿಲು ಹಾಕಿದರು.

ಮತ್ತೆ ಗಂಜಿ. ಗೌರಿ ಮತ್ತೆ ಗುಂಡಗಾದಳು. ಮನೆಮಂದಿಗೆಲ್ಲ ಸಮಾಧಾನವಾಯಿತು. ಒಂದು ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ.

"ಎಂಥಾ ಮೈ ತುಂಬಿದ ಕೂಸು" ಎಂದು ಬಂದವರೆಲ್ಲ ಅತ್ತರು. ನನಗೆ ಅಳು ಬರಲಿಲ್ಲ. ಯಾರೋ ಕೂರಿಸಿದಲ್ಲಿ ಕೂತಿದ್ದೆ. ಸರೋಜಮ್ಮ ಬಂದು ಗೌರಿಯ ಪಕ್ಕ ಕುಳಿತರು. ರೂಢಿಯಂತೆ ಹೆಬ್ಬೆರಳು ಕಾಲಿಗೆ ಹೋಯಿತು. ಗುಳಿ ಬಿತ್ತು, ಹಾಗೇ ಉಳಿಯಿತು. ಅಂಗೈಯಿಂದ ಸವರಿ ಸವರಿ ಅದನ್ನು ಮುಚ್ಚಲು ನೋಡಿದರು.

ಆಮೇಲೆ ಅತ್ತೆ ಶಾಂತಾಳ ತಾಟಿಗೆ ಮೊದಲು ಬೇಳೆ ಬಡಿಸತೊಡಗಿದರು. ನಾನು ರೊಟ್ಟಿ ಬಡಿಯುತ್ತಿದ್ದೆ, ನೀರು ತರುತ್ತಿದ್ದೆ. ದಿನಗಳು ಹೋಗುತ್ತಿದ್ದವು.

ರಾಜ್ಯಗಳು ಬೇರೆಯಾದ ವರ್ಷ ಸರೋಜಮ್ಮನವರನ್ನು ತೆಲುಗು ಕಡೆಗೆ ಹಾಕಿದರು. ಬಸ್ಸಿಗೆ ಹೋಗುವ ಮುಂಚೆ ನಮ್ಮ ಕಟ್ಟೆಗೆ ಬಂದು ಕುಳಿತರು. ಶಾಂತಾಳ ಕಾಲು ಒತ್ತಿದರು. ಗುಳಿ ಬೀಳಲಿಲ್ಲ. ಆದರೂ ನಗಲಿಲ್ಲ. ನನ್ನ ಕಾಲನ್ನು ಹತ್ತಿರಕ್ಕೆಳೆದುಕೊಂಡು ಒತ್ತಿ ಹಿಡಿದರು.

"ನೀ ಏನ್ ಉಣ್ತಿ, ತಂಗಿ?"

ಆ ಮನೆಗೆ ಬಂದಾಗಿನಿಂದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಶಾಂತಾಳನ್ನು ಮಡಿಲಿಗೆ ಎಳೆದುಕೊಂಡೆ.

"ನೋವಾತೇನು?"

"ಇಲ್ರೀ" ಎಂದೆ. ಸುಳ್ಳಲ್ಲ, ಒತ್ತಿದ್ದೇ ಗೊತ್ತಾಗಿರಲಿಲ್ಲ.

"ಕೂಸಿಗೆ ಹಾಕೋ ಬ್ಯಾಳಿ ನೀನೂ ಹಾಕ್ಕೋಬೇಕವ್ವ" ಎಂದರು. ಬಸ್ಸಿನ ಹಾರನ್ ಕೇಳಿಸಿತು. ಟ್ರಂಕು ಎತ್ತಿಕೊಂಡು ಅವಸರದಿಂದ ನಡೆದರು.

ಒಳಗೆ ಬಂದು ಸೀರೆಯ ಅಂಚು ಸರಿಸಿ ನೋಡಿಕೊಂಡೆ. ಅವರ ಹೆಬ್ಬೆರಳಿನ ಗುಳಿ ಕಾಲ ಮೇಲೆ ಇನ್ನೂ ಹಾಗೇ ಇತ್ತು. ಅಷ್ಟು ಹೊತ್ತಿಗೆ ಬಸ್ಸು ಸಿಂಧನೂರಿನ ದಾರಿ ಹಿಡಿದಿತ್ತು.